ಹನ್ನೊಂದು ದಿನದ ಜ್ವರ

ಅಕ್ಟೋಬರ್ 27

ಅಕ್ಕಾ,

ಇವನೇನು ಕಾಗದ ಬರೆದಿದ್ದಾನೆ ಅಂತ ಬಾಯಿ ಬಿಡಬೇಡ. ಫೋನಲ್ಲಿ ನಾನು ಕೂಗ್ತೀನಿ, ನೀನು ಪಟ್ ಅಂತ ಇಟ್ಟುಬಿಡ್ತೀಯ, ಆಮೇಲೆ ನಾನು ಗೋಡೆ ಜೊತೆ ಜಗಳ ಆಡ್ತಾ ಕೂತಿರ್ತೀನಿ. ಕಾಗದ ಆದ್ರೆ ಪೂರ್ತಿ ಓದಲೇಬೇಕು. ಅರ್ಧಕ್ಕೆ ಹರಿದರೂ ಚೂರು ಜೋಡಿಸಿ ಓದೋ ಪೈಕಿ ನೀನು.

ಮುಂದಿನ ತಿಂಗಳು ನಿನ್ನ ಮಗಳು ಮೆಣಸಿಗೆ ಹನ್ನೊಂದು ದಿನ ಸ್ಕೂಲು ತಪ್ಪಿಸಿ ಎಲ್ಲರೂ ಸಮುದ್ರಕ್ಕೆ ಹೋಗ್ತಿದ್ದೀರಿ. ಅದನ್ನ ನನಗೆ ಹೇಳಿದ ರೀತಿ ನೋಡು. "ಲೋ, ನಿನ್ನ ಅಕ್ಷರ ಚೆನ್ನಾಗಿದೆ, ಮೆಣಸಿಗೆ ಒಂದು ರಜಾ ಚೀಟಿ ಬರೆದು ಕಳಿಸು." ಅಂಗಡಿಯಿಂದ ಉಪ್ಪು ತಗೊಂಡು ಬಾ ಅನ್ನೋ ಹಾಗೆ.

ಬರೆಯಲ್ಲ.

ಎಂಟನೇ ವಯಸ್ಸಿಂದ ಬರೆದಿದ್ದೀನಿ ಕಣೇ ಆ ಚೀಟಿನ. ಸ್ಟೇರಿಂಗ್ ಹಿಡಿದ ಕೈಗೆ ಪೆನ್ನು ನಿಲ್ಲಲ್ಲ ಅಂತ ಅಪ್ಪ ನನ್ನನ್ನ ಕೂರಿಸಿಕೊಂಡು ಹೇಳಿ ಬರೆಸೋರು. "ನನ್ನ ಮಗನಿಗೆ ವಿಪರೀತ ಜ್ವರ ಇರುವ ಕಾರಣ..." ನನ್ನ ಜ್ವರ ನಾನೇ ಬರೀತಿದ್ದೆ. ಒಂದು ವರ್ಷ ಕಾಮಾಲೆ, ಇನ್ನೊಂದು ವರ್ಷ ಮಂಗನಬಾವು. ಕಾಗುಣಿತ ತಪ್ಪಿಲ್ಲದೆ ಸುಳ್ಳು ಹೇಳೋದು ಕಲಿತೆ. ಕೆಳಗೆ ಅಪ್ಪ ಒಂದು ಸಹಿ ಎಳೆಯೋರು, ರಸ್ತೆ ಮೇಲೆ ಬ್ರೇಕ್ ಹಾಕಿದ ಗೆರೆ ಥರ.

ಟೂರಿಸ್ಟ್ ಬಸ್ ಡ್ರೈವರ್ ಮಕ್ಕಳು ನಾವು, ಊರವರ ರಜೆ ಮುಗಿದ ಮೇಲೆ ನಮ್ಮ ರಜೆ, ಗೊತ್ತು. ಸೀಸನ್ ಮುಗಿದ ಮೇಲೆ ಬಸ್ಸನ್ನ ಸಮುದ್ರದ ಪಕ್ಕದ ಶೆಡ್ಡಿಗೆ ಬಣ್ಣಕ್ಕೆ ಬಿಡಬೇಕು. ಬಣ್ಣ ಒಣಗೋವರೆಗೆ ಡ್ರೈವರ್ ಅಲ್ಲೇ ಇರಬೇಕು. ಖಾಲಿ ಬಸ್ಸಲ್ಲಿ ಮನೆಯವರನ್ನ ಕೂರಿಸಿಕೊಂಡು ಹೋದ್ರೆ ಕಂಪನಿ ಕೇಳಲ್ಲ. ಎಲ್ಲ ಗೊತ್ತು. ನಲವತ್ತೊಂಬತ್ತು ಸೀಟೂ ನಮ್ಮದೇ. ಖುಷಿ ಆಗ್ತಿರಲಿಲ್ಲ ಅಂತ ನಾನೇನೂ ಹೇಳ್ತಿಲ್ಲ.

ಆದ್ರೆ ಹತ್ತನೇ ಕ್ಲಾಸಲ್ಲಿ? ಬೇಡ ಅಪ್ಪಾ ಅಂದೆ. "ಬಾರೋ, ಪಾಠಕ್ಕೇನು ಕಾಲಿದೆಯಾ, ಓಡಿ ಹೋಗೋಕೆ?" ಅಂದ್ರು. ಓಡಿ ಹೋಯ್ತು. ನಾನು ವಾಪಸ್ ಬರೋ ಹೊತ್ತಿಗೆ ಬೋರ್ಡ್ ಮೇಲೆ ತ್ರಿಕೋನ, ಅದರ ಪಕ್ಕ ಸೈನ್, ಕಾಸ್, ಟ್ಯಾನ್. ನನ್ನೊಬ್ಬನನ್ನ ಬಿಟ್ಟು ಇಡೀ ಕ್ಲಾಸಿಗೆ ಅರ್ಥ ಆಗ್ತಿತ್ತು. ಗಣಿತ ಹೋಯ್ತು. ಮತ್ತೆರಡು ಸಲ ಪರೀಕ್ಷೆ ಕಟ್ಟಿದೆ, ಎರಡು ಸಲವೂ ಹೋಯ್ತು.

ಈಗ ನಾನು ಮಾಡೋ ಕೆಲಸ ನೋಡು. ಮೆಟ್ಟಿಲಿಗೆ ಕಬ್ಬಿಣದ ರೇಲಿಂಗ್. ಬೆಳಗಿಂದ ಸಂಜೆವರೆಗೆ ಬರೀ ಓರೆ. ಮೆಟ್ಟಿಲು ಎಷ್ಟು ಓರೆಯೋ ಪೈಪು ಅಷ್ಟೇ ಓರೆಗೆ ಕೊಯ್ಯಬೇಕು. ಡಿಪ್ಲೊಮಾ ಮಾಡಿದೋನೊಬ್ಬ ಇದ್ದಾನೆ. ಎತ್ತರ ಅಗಲ ಕೇಳ್ತಾನೆ, ಕ್ಯಾಲ್ಕುಲೇಟರ್ ಒತ್ತಿ ಕೋನ ಹೇಳ್ತಾನೆ. ನಾನು ಮೆಟ್ಟಿಲ ಮೇಲೆ ಮಂಡಿ ಊರಿ, ರಟ್ಟು ಹಿಡಿದು, ಆಕಾರ ಕತ್ತರಿಸಿ, ಶೆಡ್ಡಿಗೆ ತಂದು ಪೈಪಿನ ಮೇಲಿಟ್ಟು ಗೀಚ್ತೀನಿ. ಇಲ್ಲಿ ನನ್ನ ಹೆಸರೇ ರಟ್ಟು. ಮೇಸ್ತ್ರಿ ಕರೆಯೋದೂ "ಏ ರಟ್ಟು" ಅಂತಾನೇ.

ಇಲ್ಲಿ ರಜಾ ಬೇಕಾದ್ರೆ ಕಾರಣ ಬರೆದು ಮೇಸ್ತ್ರಿಗೆ ಚೀಟಿ ಕೊಡಬೇಕು. ಏಳು ವರ್ಷದಲ್ಲಿ ಒಂದೂ ಕೊಟ್ಟಿಲ್ಲ. ನಿಜವಾಗಿ ಜ್ವರ ಬಂದಾಗಲೂ ಕೆಲಸಕ್ಕೆ ಹೋಗಿದ್ದೀನಿ. "ಜ್ವರ ಇರುವ ಕಾರಣ" ಅಂತ ಬರೆಯೋಕೆ ಕೈ ಏಳಲ್ಲ.

ಮೆಣಸು ಈಗ ಐದನೇ ಕ್ಲಾಸು. ಭಿನ್ನರಾಶಿ ಶುರು ಮಾಡೋದೇ ಈ ನವೆಂಬರಲ್ಲಿ. ಅದು ಕೈ ತಪ್ಪಿದ್ರೆ ಮುಂದಿನದೆಲ್ಲ ತಪ್ಪುತ್ತೆ. ಅವಳನ್ನ ಬಿಟ್ಟು ಹೋಗಿ. ನಿಮ್ಮ ಓಣಿಯಲ್ಲಿ ಯಾರ ಮನೇಲಾದ್ರೂ ಇರಿಸು. ಇಲ್ಲಾಂದ್ರೆ ನಾನೇ ಬಂದು ನೋಡ್ಕೋತೀನಿ.

ಸಿಟ್ಟಿನಿಂದ,
ನಿನ್ನ ತಮ್ಮ

---

ನವೆಂಬರ್ 2

ಸಿಟ್ಟಿನ ಸಾಹೇಬರಿಗೆ,

ನಿನ್ನ ಕಾಗದ ಟಿಕೆಟ್ ಕೌಂಟರಲ್ಲಿ ಕೂತೇ ಓದಿದೆ. ಕ್ಯೂನಲ್ಲಿದ್ದ ಒಬ್ಬರು, "ಮೇಡಂ, ಓದಿ ಮುಗಿಸ್ತೀರಾ, ನಾವು ನಡ್ಕೊಂಡೇ ಹೋಗೋದಾ?" ಅಂದ್ರು. ಹರಿದಿಲ್ಲ. ಸಂತೋಷವಾ?

ಈಗ ನನ್ನ ಮಾತು ಕೇಳು. ನಾನು ಕೌಂಟರು, ನಿಮ್ಮ ಭಾವ ಅದೇ ಕಂಪನಿ ಡಿಪೋದಲ್ಲಿ ಮೆಕ್ಯಾನಿಕ್ಕು, ಅಪ್ಪ ಡ್ರೈವರು. ಸ್ಕೂಲಿಗೆ ರಜೆ ಅಂದ ತಕ್ಷಣ ನಮ್ಮ ಮೂರೂ ಜನರ ರಜೆ ಬಂದ್. ಹೋದ ಬೇಸಿಗೆ ರಜೆಲಿ ಮೆಣಸು ಏನು ಮಾಡಿದಳು ಗೊತ್ತಾ? ಕೌಂಟರ್ ಪಕ್ಕದ ಬೆಂಚಲ್ಲಿ ಕೂತು ಯಾರ್ಯಾರು ಎಲ್ಲೆಲ್ಲಿಗೆ ಹೋಗ್ತಾರೆ ಅಂತ ಬರ್ಕೊಂಡಳು. ಎರಡು ತಿಂಗಳು. ಒಂದು ನೋಟ್‌ಬುಕ್ ತುಂಬಿತು. ಕೊನೇ ದಿನ ಅದನ್ನ ನನ್ನ ಮುಂದೆ ಹಿಡಿದು, "ಅಮ್ಮಾ, ನಮ್ಮದು ಯಾವ ಪುಟದಲ್ಲಿ ಬರುತ್ತೆ?" ಅಂತ ಕೇಳಿದಳು. ಏನು ಹೇಳಬೇಕಿತ್ತು, ನೀನೇ ಹೇಳು. ಸ್ಕೂಲಿನ ಕ್ಯಾಲೆಂಡರು ಮಾಡೋರು ನಮ್ಮನ್ನ ಒಂದು ಮಾತು ಕೇಳಿದ್ರಾ?

ಈ ತಿಂಗಳ ಕೊನೆಗೆ ಅಪ್ಪ ರಿಟೈರ್. ಅಮ್ಮ ಹೋದ ಮೇಲೆ ಒಂಬತ್ತು ವರ್ಷ ಆ ಬಸ್ಸನ್ನ ಒಬ್ಬರೇ ಓಡಿಸಿಕೊಂಡು ಹೋಗಿ, ಶೆಡ್ಡಲ್ಲಿ ಒಬ್ಬರೇ ಕೂತು ಬಂದಿದ್ದಾರೆ. ಇದು ಕೊನೇ ಸಲ. ಮೊಮ್ಮಗಳಿಗೆ ಖಾಲಿ ಬಸ್ಸು ತೋರಿಸಬೇಕು ಅಂತ ಅವರಿಗೆ ಆಸೆ.

ಇನ್ನೊಂದು. ನೀನು ಹತ್ತನೇ ಕ್ಲಾಸಲ್ಲಿ ಗೋಳಾಡ್ಕೊಂಡು ಬಂದೆಯಲ್ಲ, ಅದೇ ಅಮ್ಮ ಬಂದ ಕೊನೇ ಪ್ರಯಾಣ. ಅಮ್ಮ ಕಂಡಕ್ಟರ್ ಆಗಿ "ಟಿಕೆಟ್, ಟಿಕೆಟ್" ಅಂತ ಸೀಟಿಂದ ಸೀಟಿಗೆ ನಿನ್ನ ಅಟ್ಟಿಸಿಕೊಂಡು ಬಂದಿದ್ದು ಮರೆತೆಯಾ? ಆ ಹನ್ನೊಂದು ದಿನಾನೂ ನಷ್ಟಕ್ಕೇ ಸೇರಿಸ್ತೀಯಾ?

ಚೀಟಿ ನೀನು ಬರೆಯೋದು ಬೇಡ. ಮೆಣಸೇ ಬರೆದಳು. ಅಪ್ಪ ಹೇಳಿಕೊಟ್ಟು, ಅವರೇ ಸಹಿ ಹಾಕಿದ್ರು. ಹನ್ನೆರಡನೇ ತಾರೀಖು ಹೊರಡ್ತೀವಿ. ನಿನ್ನ ಇಪ್ಪತ್ತಮೂರನೇ ಸೀಟು ಖಾಲಿ ಇದೆ. ಬರೋದಾದ್ರೆ ಮುಖ ಸರಿ ಮಾಡ್ಕೊಂಡು ಬಾ.

ನಿನ್ನ ಅಕ್ಕ

---

ನವೆಂಬರ್ 6

ಅಕ್ಕಾ,

ಅಮ್ಮನ್ನ ಯಾಕೆ ತಂದೆ ಮಧ್ಯಕ್ಕೆ? ನನ್ನ ಬಾಯಿ ಕಟ್ಟಬೇಕು ಅಂದಾಗೆಲ್ಲ ನಿಮಗೆ ಅಮ್ಮನೇ ಬೇಕು. ಮರೆತಿಲ್ಲ. ಮರೆತಿದ್ರೆ ಯಾವಾಗಲೋ ಅಪ್ಪನ ಮುಂದೆ ನಿಂತು ನಾಲ್ಕು ಮಾತು ಆಡಿ ಹಗುರ ಆಗಿಬಿಡ್ತಿದ್ದೆ. ಸಿಟ್ಟು ಇನ್ನೇನು ಬಾಯಿಗೆ ಬಂತು ಅನ್ನುವಾಗ ಅಮ್ಮ ಬಂದು ಟಿಕೆಟ್ ಅಂತ ಕೈ ಚಾಚ್ತಾಳೆ. ನುಂಗಿಕೊಳ್ತೀನಿ. ಒಂಬತ್ತು ವರ್ಷದಿಂದ ಇದೇ ನಡೀತಿದೆ.

ಮೆಣಸಿನ ಕೈಲಿ ಬರೆಸಿದ್ರಾ? ಹತ್ತು ವರ್ಷದ ಮಗು ಕೈಲಿ? ನೀನೂ ಪಕ್ಕದಲ್ಲಿ ನಿಂತು ನೋಡಿದೆ. ಅಕ್ಷರ ದುಂಡಗೆ ಬಂದಿದೆ ಅಂತ ಬೆನ್ನು ತಟ್ಟಿರ್ತೀರ ಕೂಡ.

ಸಮುದ್ರಕ್ಕೆ ಹೋಗಿದ್ದಕ್ಕೆ ನನಗೆ ಸಿಟ್ಟಿಲ್ಲ ಅಕ್ಕ. ಅವತ್ತು ವಾಪಸ್ ಬಂದ ಮೇಲೆ ಸ್ಕೂಲಲ್ಲಿ ಏನಾಯ್ತು ಅಂತ ಇವತ್ತಿನವರೆಗೂ ನೀನು ಕೇಳಿಲ್ಲ. ಅಪ್ಪನೂ ಕೇಳಿಲ್ಲ. ಬಸ್ಸಿಗೆ ಹೊಸ ಬಣ್ಣ ಬಂತು, ಎಲ್ಲ ಸರಿಹೋಯ್ತು ಅಂದುಕೊಂಡ್ರಿ.

ಹೋಗಿ ಬನ್ನಿ. ಇಪ್ಪತ್ತಮೂರರಲ್ಲಿ ಬ್ಯಾಗ್ ಇಟ್ಕೊಳ್ಳಿ.

ತಮ್ಮ

---

ನವೆಂಬರ್ 16
(ಕಾರ್ಡ್, ಹಿಂದುಗಡೆ ದೋಣಿಯ ಚಿತ್ರ)

ಮಾಮಾ,

ನಾನು 48 ಸೀಟಲ್ಲಿ ಕೂತೆ. 23ರಲ್ಲಿ ಕೂರಬೇಡ, ಅದು ಮಾಮಂದು ಅಂತ ತಾತ ಹೇಳಿದ್ರು. ಬಸ್ಸಿನ ಹಳೇ ಬಣ್ಣ ಉಜ್ಜಿ ತೆಗೆದ್ರು. ಅದರ ಕೆಳಗೆ ಇನ್ನೂ ನಾಲ್ಕು ಬಣ್ಣ ಇತ್ತು! ಹಸಿರು ಬಣ್ಣದ ವರ್ಷ ನೀನು ಏಡಿ ಕೈಲಿ ಕಚ್ಚಿಸಿಕೊಂಡೆಯಂತೆ. ನನ್ನ ಮೂಗು ಬಿಸಿಲಿಗೆ ಸಿಪ್ಪೆ ಬಿಡ್ತಿದೆ. ಹೊಸ ಊರಿಗೆ ಹೋದ್ರೆ ದೊಡ್ಡೋರಿಗೆ ಕಾರ್ಡ್ ಹಾಕಬೇಕು ಅಂತ ತಾತ ಎರಡು ಕಾರ್ಡ್ ಕೊಡಿಸಿದ್ರು. ಒಂದು ನಿನಗೆ. ಇನ್ನೊಂದು ಯಾರಿಗೆ ಅಂತ ಅವರಿಗೆ ಹೇಳಿಲ್ಲ. ನಮ್ಮ ಕ್ಲಾಸ್ ಟೀಚರ್‌ಗೆ! ಅಲೆ ಇರೋದು ಅವರಿಗೆ, ದೋಣಿ ನಿನಗೆ. ಬೇಜಾರು ಮಾಡ್ಕೋಬೇಡ.

ಇಂತಿ,
ಮೆಣಸು

---

ನವೆಂಬರ್ 28

ತಮ್ಮಾ,

ನಾವು ಊರಿಗೆ ಬರೋ ಮೊದಲೇ ಮೆಣಸಿನ ಕಾರ್ಡು ಸ್ಕೂಲಿಗೆ ಬಂದು ಹೆಡ್‌ಮಾಸ್ಟರ್ ಮೇಜಿನ ಮೇಲೆ ಕೂತಿತ್ತು.

ಹೆಡ್‌ಮಾಸ್ಟರ್ ಯಾರು ಗೊತ್ತಲ್ಲ, ನಿನ್ನ ಕಾಲದ ಗಣಿತದ ಮೇಷ್ಟ್ರೇ. ನೋಟಿಸ್ ಬೋರ್ಡಲ್ಲಿ ಚೀಟಿ, ಕಾರ್ಡು ಎರಡನ್ನೂ ಅಕ್ಕಪಕ್ಕ ಪಿನ್ ಹೊಡೆದಿದ್ದಾರೆ. ಚೀಟಿಯಲ್ಲಿ "ಹಾಸಿಗೆಯಿಂದ ಏಳಲಾಗದಷ್ಟು ಜ್ವರ". ಕಾರ್ಡಲ್ಲಿ "ಟೀಚರ್, ನಾನು ಈಜು ಕಲಿತೆ, ನೀವೂ ಬನ್ನಿ". ಎರಡೂ ಒಂದೇ ಕೈ ಅಕ್ಷರ. ದೊಡ್ಡ ಕ್ಲಾಸಿನ ಮಕ್ಕಳು ಗಟ್ಟಿಯಾಗಿ ಓದಿ ನಗ್ತಿದ್ದಾರೆ.

ಸುಳ್ಳು ಹೇಳಿ ಎಷ್ಟು ದಿನ ಗೈರೋ ಅಷ್ಟು ದಿನ ಬೆಳಗಿನ ಮೂರು ಪೀರಿಯಡ್ ವರಾಂಡದಲ್ಲಿ ನಿಲ್ಲಬೇಕಂತೆ. ಸ್ಕೂಲಿಗೇ ಅದೊಂದು ನಿಯಮ ಮಾಡಿಟ್ಟಿದ್ದಾರೆ. ಇವತ್ತಿಗೆ ಮೂರು ದಿನ ನಿಂತಳು. ಗಣಿತ ಎರಡನೇ ಪೀರಿಯಡ್.

ಹೋಗಿ ಬೇಡಿಕೊಂಡೆ. ಆ ಮನುಷ್ಯ ತಲೆ ಎತ್ತದೆ ಹೇಳ್ತಾರೆ, "ನಿಮ್ಮ ಮನೆಗೆ ಇದು ಹೊಸದೇನಲ್ಲವಲ್ಲಮ್ಮ. ನಿಮ್ಮ ತಮ್ಮನ್ನ ಕೇಳಿ." ಏನದು? ಆ ಹೊತ್ತಲ್ಲಿ ನೀನು ಬರೆದ "ಯಾರೂ ಕೇಳಿಲ್ಲ" ಅನ್ನೋ ಮಾತು ನೆನಪಾಯ್ತು.

ಮೆಣಸು ಅತ್ತಿಲ್ಲ. ಮನೆಗೆ ಬಂದು ಬೂಟ್ಸ್ ಬಿಚ್ಚುತ್ತಾ ಕೇಳಿದಳು, "ಅಮ್ಮಾ, ತಪ್ಪಾಗಿದ್ದು ಚೀಟಿಯಿಂದಾನಾ, ಕಾರ್ಡಿಂದಾನಾ?"

ಅಪ್ಪನಿಗೆ ಹೇಳಿಲ್ಲ. ಇನ್ನೆರಡು ದಿನ ಡ್ಯೂಟಿ ಇದೆ, ಮುಗಿಸಿ ಬರಲಿ. ಒಂಬತ್ತು ವರ್ಷ ತಡ ಆಯ್ತು. ಆದ್ರೂ ಈಗ ಕೇಳ್ತೀನಿ. ಏನಾಗಿತ್ತೋ ನಿನಗೆ?

ಅಕ್ಕ

---

ನವೆಂಬರ್ 30

ಅಕ್ಕಾ,

ಹನ್ನೊಂದು ದಿನ. ಅದೇ ವರಾಂಡ. ನೀರಿನ ನಲ್ಲಿ ಪಕ್ಕದ ಕಂಬ. ಅವಳೂ ಅಲ್ಲೇ ನಿಂತಿರ್ತಾಳೆ, ನೋಡು ಬೇಕಾದ್ರೆ. ಬೇರೆ ಕಡೆ ನಿಂತ್ರೆ ಬಿಸಿಲು.

ಸಮುದ್ರದಿಂದ ಬಂದ ಮಾರನೇ ದಿನ ಕ್ಲಾಸಿಗೆ ಹೋದೆ. ಮೇಷ್ಟ್ರು ನನ್ನ ಚೀಟಿ ಓದಿದ್ರು. ಆಮೇಲೆ ಗಲ್ಲ ಹಿಡಿದು ಮುಖ ಕಿಟಕಿ ಕಡೆ ತಿರುಗಿಸಿದ್ರು. "ಏನಪ್ಪಾ, ಜ್ವರಕ್ಕೆ ಮೂಗು ಸಿಪ್ಪೆ ಬಿಡುತ್ತಾ?" ಇಡೀ ಕ್ಲಾಸು ಬೆಂಚು ಬಡಿದು ನಕ್ಕಿತು. ಅವತ್ತಿಂದ ದಿನಾ ಗಣಿತದ ಪೀರಿಯಡ್ ಹೊರಗೆ. ಆಗ ಸ್ಕೂಲಿಗೆ ನಿಯಮ ಇರಲಿಲ್ಲ. ನನ್ನ ಮೇಲೇ ಮೊದಲು ಪ್ರಯೋಗ ಮಾಡಿ, ಚೆನ್ನಾಗಿದೆ ಅಂತ ಸ್ಕೂಲಿಗೆಲ್ಲ ಜಾರಿ ಮಾಡಿದ್ದಾರೆ.

ಕಂಬದ ಹತ್ರ ನಿಂತ್ರೆ ಮೇಷ್ಟ್ರ ದನಿ ಕೇಳಿಸುತ್ತೆ, ಬೋರ್ಡು ಕಾಣಲ್ಲ. "ಈ ಬಾಹುವನ್ನು ಈ ಬಾಹುವಿನಿಂದ ಭಾಗಿಸಿ" ಅಂತಿದ್ರು. ಯಾವ ಬಾಹು? ಸೀಮೆಸುಣ್ಣದ ಸದ್ದಲ್ಲೇ ತ್ರಿಕೋನ ಊಹಿಸಬೇಕಿತ್ತು. ಈಗಲೂ ಮೆಟ್ಟಿಲ ಮೇಲೆ ರಟ್ಟು ಹಿಡಿದಾಗ ಆ ಸೀಮೆಸುಣ್ಣ ಕಿರುಗುಟ್ಟುತ್ತೆ.

ಹನ್ನೊಂದು ದಿನ ಅಪ್ಪ ತಪ್ಪಿಸಿದ್ರು, ಇನ್ನು ಹನ್ನೊಂದು ಮೇಷ್ಟ್ರು ತಪ್ಪಿಸಿದ್ರು. ನಾನು ಇಪ್ಪತ್ತೆರಡನ್ನೂ ಅಪ್ಪನ ತಲೆಗೇ ಕಟ್ಟಿದೆ. ಮೇಷ್ಟ್ರ ಮೇಲೆ ಸಿಟ್ಟು ಮಾಡ್ಕೊಂಡು ಏನು ಮಾಡ್ಲಿ, ಅವರು ನಮ್ಮನೇಲಿ ಇರಲಿಲ್ಲವಲ್ಲ.

ಮನೇಲಿ ಯಾಕೆ ಹೇಳಲಿಲ್ಲ ಅಂತ ಕೇಳ್ತೀಯ. ಸ್ಕೂಲಿಂದ ಬಂದಾಗ ಅಮ್ಮ ಸಮುದ್ರದ ಫೋಟೋಗಳನ್ನ ಗೋಡೆಗೆ ಅಂಟಿಸ್ತಾ ಸ್ಟೂಲ್ ಮೇಲೆ ನಿಂತಿದ್ದಳು. "ಓರೆ ಇದೆಯಾ ನೋಡೋ" ಅಂದಳು. ಸರಿ ಇದೆ ಅಂದೆ. ಆಮೇಲೆ ಅವಳು ಹಾಸಿಗೆ ಹಿಡಿದಳು. ಆಮೇಲೆ ಹೇಳೋ ಹಾಗೇ ಇರಲಿಲ್ಲ.

ಈಗ ಇನ್ನೊಂದು ಕೇಳು, ಬೈಯ್ಯೋದಾದ್ರೆ ಇದಕ್ಕೆ ಬೈ. ಮೆಣಸಿನ ಕಾರ್ಡು ಹದಿನೆಂಟಕ್ಕೇ ನನ್ನ ಕೈಗೆ ಬಂತು. ಟೀಚರ್‌ಗೆ ಕಾರ್ಡು ಅಂತ ಓದಿದ ತಕ್ಷಣ ಮುಂದೇನಾಗುತ್ತೆ ಅಂತ ಗೊತ್ತಾಯ್ತು. ಒಂದು ಫೋನ್ ಸಾಕಿತ್ತು. ನೀನು ಆ ಟೀಚರ್ ಜೊತೆ ಮಾತಾಡಿ ಏನೋ ಮಾಡ್ತಿದ್ದೆ. ಮಾಡಲಿಲ್ಲ ನಾನು. ಸಿಕ್ಕಿ ಬೀಳಲಿ, ಒಂದು ಸಲ ಅಪ್ಪನ ಮುಖ ನೋಡಬೇಕು ಅಂದುಕೊಂಡೆ. ಕಾರ್ಡನ್ನ ಜೇಬಲ್ಲಿಟ್ಟುಕೊಂಡು ಕೆಲಸಕ್ಕೆ ಹೋದೆ. ಸಿಳ್ಳೆ ಬೇರೆ ಹಾಕ್ತಿದ್ದೆ. ಅಪ್ಪನಿಗೆ ಅಂತ ಇಟ್ಟಿದ್ದು ಹೋಗಿ ಆ ಮಗುಗೆ ಬಿತ್ತು.

ಸ್ಕೂಲು ತಪ್ಪಿಸಿದ್ದು ತಪ್ಪು ಅಂತ ಈಗಲೂ ಹೇಳ್ತೀನಿ. ಆದ್ರೆ ಪಾಠ ತಪ್ಪಿಸಿಕೊಂಡಳು ಅಂತ ಇನ್ನಷ್ಟು ಪಾಠ ತಪ್ಪಿಸ್ತಾರಲ್ಲ, ಅದು ಯಾವ ಸೀಮೆ ಶಿಕ್ಷೆ? ಊಟಕ್ಕೆ ತಡವಾಗಿ ಬಂದೆ ಅಂತ ತಟ್ಟೆ ಕಸಿದುಕೊಂಡ ಹಾಗೆ. ಚೀಟಿ ಬರೆಸಿದೋರು ಹೊರಗೆ ಆರಾಮಾಗಿ ಓಡಾಡ್ತಿದ್ದಾರೆ. ಬರೆದ ಕೈ ಮಾತ್ರ ಕಂಬಕ್ಕೆ ಒರಗಿ ನಿಂತಿದೆ.

ಈ ಕಾಗದ ಅಪ್ಪನಿಗೆ ಓದು. ಒಂದಕ್ಷರ ಬಿಡಬೇಡ. ಅಮ್ಮನ ವಿಷಯ ಬಂದಾಗಲೂ ನಿಲ್ಲಿಸಬೇಡ. ಮೆಣಸಿಗೆ ಹೇಳು, ಕಾರ್ಡು ತಪ್ಪಲ್ಲ. ನಮ್ಮ ಮನೆಯಿಂದ ಆ ಸ್ಕೂಲಿಗೆ ಹೋದ ಕಾಗದದಲ್ಲೆಲ್ಲ ನಿಜ ಇದ್ದಿದ್ದು ಅದೊಂದರಲ್ಲೇ.

ತಮ್ಮ

---

ಡಿಸೆಂಬರ್ 9

ಮಗನೇ,

ಇದನ್ನ ನಾನೇ ಬರೀತಾ ಇದೀನಿ. ಯಾರ ಕೈಲೂ ಬರೆಸಿಲ್ಲ. ಎರಡು ದಿನ ಹಿಡೀತು. ತಪ್ಪಿದ್ರೆ ತಿದ್ದಿ ಓದು.

ನಿನ್ನ ಅಕ್ಕ ಕಾಗದ ಓದಿದಳು. ನಿಲ್ಲಿಸಬೇಡ ಅಂದಿದ್ದೆಯಲ್ಲ, ನಿಲ್ಲಿಸಲಿಲ್ಲ. ನೀನು ಅವತ್ತೇ ಹೇಳಿದ್ರೆ ಆ ಮೇಷ್ಟ್ರ ಮನೆ ಮುಂದೆ ಬಸ್ಸು ತಂದು ನಿಲ್ಲಿಸ್ತಿದ್ದೆ. ಯಾಕೋ ಹೇಳಲಿಲ್ಲ? ಇಷ್ಟು ವರ್ಷ ನೀನು ಮನೆಗೆ ಬಂದ್ರೆ ನನ್ನ ಮುಖ ನೋಡದೆ ಊಟ ಮಾಡ್ತಿದ್ದೆ. ಕೆಲಸದ ಸುಸ್ತು ಅಂದುಕೊಂಡಿದ್ದೆ.

ಸೋಮವಾರ ಮೆಣಸನ್ನ ಕರ್ಕೊಂಡು ಸ್ಕೂಲಿಗೆ ಹೋದೆ. ಯೂನಿಫಾರಂ ಹಾಕ್ಕೊಂಡೇ ಹೋದೆ, ರಿಟೈರ್ ಆಗಿದ್ರೆ ಏನಂತೆ. ಏಳು ದಿನ ನಿಂತಿದ್ದಾಳೆ, ನಾಲ್ಕು ಬಾಕಿ ಇದೆ ಅಂದ್ರು ಹೆಡ್‌ಮಾಸ್ಟರ್. ಸುಳ್ಳು ಹೇಳಿದ್ದು ನಾನು, ಸಹಿ ನನ್ನದು, ನಿಲ್ಲೋನು ನಾನು, ಮಗು ಒಳಗೆ ಹೋಗಲಿ ಅಂದೆ. ನಗಾಡಿದ್ರು. ನಾನು ಹೋಗಿ ಕಂಬದ ಹತ್ರ ನಿಂತೆ. ನಲ್ಲಿ ತೊಟ್ಟಿಕ್ಕುತ್ತೆ, ನಿನ್ನ ಕಾಲದಲ್ಲೂ ಹಾಗೇ ಇತ್ತಾ? ಮೆಣಸಿನ ಟೀಚರ್ ಒಳ್ಳೆಯೋರು. ಯಾರನ್ನೂ ಕೇಳದೆ ಬಂದು ಅವಳ ಕೈ ಹಿಡಿದು ಒಳಗೆ ಕರ್ಕೊಂಡು ಹೋದ್ರು. ನೋಟಿಸ್ ಬೋರ್ಡ್ ಮೇಲಿದ್ದ ಚೀಟಿ ನಾನೇ ಕಿತ್ತೆ. ಕಾರ್ಡು ಬಿಟ್ಟೆ. ಚೆನ್ನಾಗಿದೆ.

ಎರಡನೇ ದಿನದಿಂದ ಮಕ್ಕಳು ನನಗೆ ಗುಡ್ ಮಾರ್ನಿಂಗ್ ಹೇಳೋಕೆ ಶುರು ಮಾಡಿದ್ರು. ಹೆಡ್‌ಮಾಸ್ಟರ್ ಬಂದು, ಇದೇನು ನಾಟಕ, ಮನೆಗೆ ಹೋಗ್ರಿ ಅಂತಾರೆ. ಹೋಗಲಿಲ್ಲ.

ಮೆಣಸಿನ ನಾಲ್ಕು ದಿನ ಗುರುವಾರ ಮುಗೀತು. ಆದ್ರೂ ನಿನ್ನೆ, ಇವತ್ತು ಹೋಗಿ ನಿಂತೆ. ಇದು ನಿನ್ನದು. ಇನ್ನು ಒಂಬತ್ತಿದೆ. ಮಂಡಿ ನೋಯುತ್ತೆ, ಡ್ರೈವರ್ ಕೆಲಸ ಕೂತು ಮಾಡಿದ್ದಲ್ವಾ.

ಅಲ್ಲಿ ನಿಂತ್ರೆ ಬೋರ್ಡ್ ಕಾಣಲ್ಲ. ನೀನು ಬರೆದಿದ್ದು ನಿಜ.

ನಿನ್ನನ್ನ ಯಾಕೆ ಎಳ್ಕೊಂಡು ಹೋಗ್ತಿದ್ದೆ ಅಂತ ಹೇಳ್ತೀನಿ. ವರ್ಷ ಪೂರ್ತಿ ಬೆನ್ನ ಹಿಂದೆ ಬೇರೆಯವರ ಮಕ್ಕಳು ಕಿರುಚೋದು ಕೇಳ್ತಿದ್ದೆ. ಒಂದು ಸಲ ಹಿಂದಿನಿಂದ ನನ್ನ ಮಕ್ಕಳ ಸದ್ದು ಕೇಳಬೇಕು ಅನ್ನಿಸೋದು. ಅಷ್ಟೇ. ಅದನ್ನ ಚೀಟಿಯಲ್ಲಿ ಹಾಗೇ ಬರೆಸಬಹುದಿತ್ತು. ಜ್ವರ ಅಂತ ಬರೆಸಿದೆ.

ಅಪ್ಪ

---

ಡಿಸೆಂಬರ್ 11

ಮೇಸ್ತ್ರಿಯವರಿಗೆ,

ನನಗೆ ನಾಳೆ, ನಾಡಿದ್ದು ಎರಡು ದಿನ ರಜಾ ಬೇಕು.

ಕಾರಣ: ನಮ್ಮಪ್ಪ ನಾನು ಓದಿದ ಸ್ಕೂಲಿನ ವರಾಂಡದಲ್ಲಿ ನಿಂತಿದ್ದಾರೆ. ನನ್ನ ದಿನಗಳನ್ನ ಅವರು ನಿಂತು ಮುಗಿಸೋಕೆ ನಾನು ಹೇಳಿರಲಿಲ್ಲ. ಅವರನ್ನ ಅಲ್ಲಿಂದ ಮನೆಗೆ ಕರ್ಕೊಂಡು ಬರಬೇಕು. ಆಮೇಲೆ ಅವರ ಜೊತೆ ಕೂತು ಜಗಳ ಆಡಬೇಕು. ಒಂಬತ್ತು ವರ್ಷದ ಜಗಳ, ಎರಡು ದಿನ ಸಾಲದೇ ಇದ್ದರೆ ಇನ್ನೊಂದು ಚೀಟಿ ಕಳಿಸ್ತೀನಿ.

ಮೂರನೇ ಮಹಡಿ ಮೆಟ್ಟಿಲಿನ ರಟ್ಟು ಕತ್ತರಿಸಿ ಪೈಪಿನ ಮೇಲೆ ಇಟ್ಟಿದ್ದೀನಿ. ಯಾರೂ ಮುಟ್ಟಬೇಡಿ.

ನನಗೆ ಜ್ವರ ಇಲ್ಲ.

ರಟ್ಟು